ಡಿಸೈಡ್ ಮಾಡಿದ್ರಾ, ಕನ್‌ಕ್ಲೂಡ್ ಮಾಡಿದ್ರಾ?

ಈ ಸಲ ಬಂದ ಪ್ರಶ್ನೆಗಳಲ್ಲಿ ಬಹಳಷ್ಟು ಒಂದೇ ವಿಷಯದ ಸುತ್ತ ಇವೆ. ಇಂಗ್ಲಿಷಿನಲ್ಲಿ 'ತೀರ್ಮಾನ ಆಯ್ತು', 'ಮುಗೀತು' ಅನ್ನಲಿಕ್ಕೆ ಹತ್ತಾರು ಶಬ್ದಗಳಿವೆ, ಯಾವುದನ್ನು ಎಲ್ಲಿ ಹಾಕಬೇಕು ಅಂತ. ಕಲಬುರಗಿಯ ಕೋಚಿಂಗ್ ಹುಡುಗರು ಕೇಳಿದ್ದಾರೆ, ಹುಮನಾಬಾದಿನ ಅಜ್ಜಿಯೂ ಕೇಳಿದ್ದಾರೆ. ಹಾಗಾಗಿ ಈ ಸಂಚಿಕೆಯ ಪುಟ ಪೂರ್ತಿ ಅದಕ್ಕೇ. ಬೇರೆ ವಿಷಯ ಕೇಳಿದವರು ಬೇಸರ ಮಾಡ್ಕೋಬೇಡಿ, ನಿಮ್ಮ ಸರದಿ ಮುಂದಿನ ಸಲ.

ಪ್ರಶ್ನೆ: ಅಕ್ಕೋರೆ, ನಮಸ್ಕಾರ. ನಾನು ಕಲಬುರಗಿಯಲ್ಲಿ ರೂಮ್ ಮಾಡಿಕೊಂಡು ಪರೀಕ್ಷೆಗೆ ಓದುತ್ತಿದ್ದೇನೆ. ನನ್ನ ಗೈಡಿನಲ್ಲಿ 'ಡಿಸೈಡ್' ಶಬ್ದದ ಮುಂದೆ ಕನ್‌ಕ್ಲೂಡ್, ಡಿಟರ್ಮಿನ್, ರಿಸಾಲ್ವ್, ಸೆಟ್ಲ್, ಅಡ್ಜುಡಿಕೇಟ್ ಅಂತ ಸಮಾನಾರ್ಥಕಗಳ ಸಾಲೇ ಇದೆ. ಎಲ್ಲಾ ಬಾಯಿಪಾಠ ಮಾಡಿದ್ದೆ. ಮೊನ್ನೆ ಪ್ರಬಂಧದಲ್ಲಿ 'ಮೈ ಫಾದರ್ ಕನ್‌ಕ್ಲೂಡೆಡ್ ಟು ಸೆಲ್ ದ ಲ್ಯಾಂಡ್' ಅಂತ ಬರೆದರೆ ಸರ್ ಕೆಂಪು ಗೆರೆ ಎಳೆದರು. ಕಾರಣ ಕೇಳಿದರೆ 'ಹಂಗ ಬರಂಗಿಲ್ಲ' ಅಂದರು. ಯಾಕೆ ಬರಂಗಿಲ್ಲ?
(ಸ್ಪರ್ಧಾರ್ಥಿ, ಕಲಬುರಗಿ)

ಉತ್ತರ: ನಿಮ್ಮ ಸರ್ ಹೇಳಿದ್ದು ಸರಿ ಇದೆ ತಮ್ಮಾ, ಕಾರಣಾನೂ ಹೇಳಿದ್ದರೆ ಇನ್ನೂ ಚಲೋ ಇತ್ತು. ಆದರೆ ನಿನಗಿಂತ ಆ ಗೈಡಿನದೇ ತಪ್ಪು ಜಾಸ್ತಿ. ಸಮಾನಾರ್ಥಕ ಅಂತ ಒಂದೇ ಸಾಲಿನಲ್ಲಿ ನಿಲ್ಲಿಸಿಬಿಟ್ಟರೆ ಓದುವವನಿಗೆ ಇವೆಲ್ಲಾ ಒಂದೇ ಕೆಲಸ ಮಾಡುತ್ತವೆ ಅನ್ನಿಸುತ್ತದೆ. ಮಾಡುವುದಿಲ್ಲ.

ನಿಮ್ಮ ತಂದೆ ತೊಗರಿ ರಾಶಿ ಮಾಡಿದ್ದಾರೆ ಅಂತ ಇಟ್ಟುಕೋ. ಗಂಜ್ ಮಾರುಕಟ್ಟೆಗೆ ಒಯ್ಯುವ ಮುಂಚೆ ಏನು ಮಾಡುತ್ತಾರೆ? ರಾಶಿಯೊಳಗೆ ಮೊಣಕೈತನಕ ಕೈ ಇಳಿಸಿ ಒಂದು ಹಿಡಿ ಕಾಳು ತೆಗೆಯುತ್ತಾರೆ. ಮೇಲಿನ ಕಾಳು ಬಿಸಿಲಿಗೆ ಒಣಗಿರುತ್ತದೆ, ಅದನ್ನು ನಂಬಲಿಕ್ಕಾಗದು, ಒಳಗಿನದೇ ಬೇಕು. ಅಂಗೈ ಮೇಲೆ ಹರಡಿ ನೋಡುತ್ತಾರೆ. ಒಂದು ಕಾಳು ಹಲ್ಲಿನ ನಡುವೆ ಇಟ್ಟು ಕಡಿಯುತ್ತಾರೆ. ಕಟ್ ಅಂತ ಎರಡು ಹೋಳಾದರೆ ಒಣಗಿದೆ, ಸದ್ದಿಲ್ಲದೆ ಮೆತ್ತಗೆ ಒಳಗೆ ಹೋದರೆ ಇನ್ನೂ ಹಸಿ. ಇಷ್ಟೆಲ್ಲ ನೋಡಿದ ಮೇಲೆ ಅವರ ತಲೆಯಲ್ಲಿ ಒಂದು ಮಾತು ಮೂಡುತ್ತದೆ: 'ಇನ್ನೂ ತೇವ ಅದ.' ಇದು ಕನ್‌ಕ್ಲೂಡ್. ಕಂಡದ್ದು, ಮುಟ್ಟಿದ್ದು, ಕೇಳಿದ್ದು ಎಲ್ಲ ಕೂಡಿಸಿ ಸಂಗತಿ ಹೀಗಿದೆ ಅಂತ ಗೊತ್ತು ಮಾಡಿಕೊಳ್ಳುವುದು. ಅದಕ್ಕೇ ಇದರ ಹಿಂದೆ 'ದಟ್' ಬರುತ್ತದೆ: 'ಹೀ ಕನ್‌ಕ್ಲೂಡೆಡ್ ದಟ್ ದ ಗ್ರೇನ್ ವಾಸ್ ಸ್ಟಿಲ್ ಡ್ಯಾಂಪ್.'

ಆಮೇಲೆ ಎದ್ದು ನಿಂತು, 'ಇನ್ನೆರಡು ದಿನ ಒಣಗಲಿ, ಈಗ ಒಯ್ಯೂದು ಬ್ಯಾಡ' ಅಂತಾರಲ್ಲ, ಅದು ಡಿಸೈಡ್. ಇಲ್ಲಿ ಸಂಗತಿ ಹೇಗಿದೆ ಅನ್ನುವುದು ಮುಗಿದುಹೋಗಿದೆ, ಮುಂದೇನು ಮಾಡಬೇಕು ಅನ್ನುವುದು ಶುರುವಾಗಿದೆ. ಅದಕ್ಕೇ 'ಟು': 'ಹೀ ಡಿಸೈಡೆಡ್ ಟು ವೇಟ್.' ಹೊಲ ಮಾರುವುದು ಮಾಡುವ ಕೆಲಸ ಆದ್ದರಿಂದ ನಿನ್ನ ವಾಕ್ಯದಲ್ಲೂ 'ಡಿಸೈಡೆಡ್ ಟು ಸೆಲ್' ಬರಬೇಕಿತ್ತು. ಹೊಲ ಇಟ್ಟುಕೊಂಡರೆ ಗಿಟ್ಟುವುದಿಲ್ಲ ಅಂತ ಅಪ್ಪನಿಗೆ ಅನ್ನಿಸಿದ್ದನ್ನು ಹೇಳುವುದಾದರೆ ಆಗ ಕನ್‌ಕ್ಲೂಡ್ ಹಾಕು. 'ಕನ್‌ಕ್ಲೂಡೆಡ್ ಟು' ಅನ್ನುವುದು ಹಳೆಯ ಇಂಗ್ಲಿಷಿನಲ್ಲಿ, ಅಮೆರಿಕದ ಕಡೆ ಬರೆದದ್ದರಲ್ಲಿ ಅಲ್ಲೊಂದು ಇಲ್ಲೊಂದು ಸಿಗುತ್ತದೆ. ಯಾರಾದರೂ ಅದನ್ನು ತೋರಿಸಿ ವಾದ ಮಾಡಿಯಾರು. ಪರೀಕ್ಷೆಯಲ್ಲಿ ಮಾತ್ರ ಆ ಉಸಾಬರಿ ಬೇಡ.

ಇನ್ನು ಸರ್ಕಾರಿ ಖರೀದಿ ಕೇಂದ್ರಕ್ಕೆ ಹೋದಿರಿ ಅನ್ನು. ಅಲ್ಲಿ ಹಲ್ಲಿನ ಪರೀಕ್ಷೆ ನಡೆಯುವುದಿಲ್ಲ, ಮಷೀನಿಗೆ ಕಾಳು ಹಾಕುತ್ತಾರೆ. ತೇವಾಂಶ ಶೇ 12ಕ್ಕಿಂತ ಮೇಲಿದ್ದರೆ ಮಾಲು ವಾಪಸ್. ಹೀಗೆ ಅಳೆದು, ಲೆಕ್ಕ ಹಾಕಿ ಇಷ್ಟೇ ಅಂತ ಕಂಡುಹಿಡಿಯುವುದು ಡಿಟರ್ಮಿನ್. 'ದ ಮೀಟರ್ ಡಿಟರ್ಮಿನ್ಸ್ ದ ಮಾಯಿಶ್ಚರ್.' ಇದಕ್ಕೂ 'ಡಿಟರ್ಮಿನ್ಡ್' ಅಂತ ಮನುಷ್ಯರಿಗೆ ಹೇಳುವುದಕ್ಕೂ ಬಹಳ ಫರಕು ಇದೆ. 'ಶೀ ಈಸ್ ಡಿಟರ್ಮಿನ್ಡ್ ಟು ಪಾಸ್' ಅಂದರೆ ಪಾಸಾಗಿಯೇ ತೀರುತ್ತೇನೆ ಅಂತ ಹಟ ಹಿಡಿದಿದ್ದಾಳೆ ಅಂತ.

ಕೊನೆಗೆ ದಲಾಲಿ ಅಂಗಡಿಯಲ್ಲಿ ಅವರೊಂದು ರೇಟು, ಇವರೊಂದು ರೇಟು ಹೇಳಿ, ಚಹಾ ಕುಡಿದು, ಮತ್ತೆ ಹೇಳಿ, ನಡುವೆ ಎಲ್ಲೋ ಒಂದು ಕಡೆ ಇಬ್ಬರೂ ನಿಂತರೆ 'ದೇ ಸೆಟ್ಲ್ಡ್ ಆನ್ ಎ ಪ್ರೈಸ್'. ಹಮಾಲಿ, ತೂಕದ ಕೂಲಿ ಮುರಿದುಕೊಂಡು ಪಟ್ಟಿ ಬರೆದು ರೊಕ್ಕ ಕೈಗಿಟ್ಟರೆ 'ದೇ ಸೆಟ್ಲ್ಡ್ ದಿ ಅಕೌಂಟ್'. ಆ ಇಬ್ಬರ ನಡುವೆ ಜಗಳ ಬಿದ್ದು ಮೂರನೆಯವರು ಕೂತು, ಎರಡೂ ಕಡೆ ಕೇಳಿ, ಅಧಿಕಾರದಿಂದ ಹೀಗೆ ಅಂತ ಹೇಳಿದರೆ ಆಗ ಮಾತ್ರ ಅಡ್ಜುಡಿಕೇಟ್. ನಿನ್ನ ಅಪ್ಪ ತನ್ನ ಹೊಲದ ಬಗ್ಗೆ ತಾನೇ ಅಡ್ಜುಡಿಕೇಟ್ ಮಾಡಲಿಕ್ಕೆ ಬರುವುದಿಲ್ಲ.

ಒಂದು ಕೆಲಸ ಮಾಡು. ಪಟ್ಟಿ ಬಾಯಿಪಾಠ ಮಾಡುವುದು ಬಿಡು. ಪ್ರತಿ ಶಬ್ದವನ್ನು ಅದರ ಬಾಲದ ಸಮೇತ ಬರೆದುಕೋ: ಕನ್‌ಕ್ಲೂಡ್ ದಟ್, ಡಿಸೈಡ್ ಟು, ಸೆಟ್ಲ್ ಆನ್. ಪಕ್ಕದಲ್ಲಿ ಯಾರು ಮಾಡಿದರು ಅಂತ ಒಂದು ವಾಕ್ಯ. ಬಿಟ್ಟ ಸ್ಥಳ ತುಂಬುವಲ್ಲಿ, ನಾಲ್ಕರಲ್ಲಿ ಒಂದು ಆರಿಸುವಲ್ಲಿ ಗೈಡಿನ ಪಟ್ಟಿ ನಿನ್ನನ್ನು ದಾಟಿಸಬಹುದು. ಪ್ರಬಂಧದಲ್ಲಿ, ಪತ್ರದಲ್ಲಿ ದಾಟಿಸುವುದಿಲ್ಲ. ಅಲ್ಲಿ ಅನುಮಾನ ಬಂದರೆ ಸುಮ್ನೆ ಡಿಸೈಡ್ ಹಾಕಿ ಮುಂದೆ ಹೋಗು. ದೊಡ್ಡ ಶಬ್ದ ಹಾಕಿದರೆ ಮಾರ್ಕ್ಸ್ ಜಾಸ್ತಿ ಅನ್ನುವುದು ನಮ್ಮ ಕಡೆ ಯಾರೋ ಹಬ್ಬಿಸಿದ ಸುದ್ದಿ.

ಪ್ರಶ್ನೆ: 'ಟೇಕ್ ಎ ಡಿಸಿಷನ್' ತಪ್ಪು, 'ಮೇಕ್ ಎ ಡಿಸಿಷನ್' ಅಂತಲೇ ಹೇಳಬೇಕು ಅಂತ ಆಫೀಸಿನಲ್ಲಿ ಹೊಸದಾಗಿ ಬಂದ ಹುಡುಗಿ ನನ್ನನ್ನು ತಿದ್ದಿದಳು. ಮೂವತ್ತು ವರ್ಷ ನೌಕರಿ ಮಾಡಿದ ಮೇಲೆ ಇದು ಬೇಕಿತ್ತಾ?
(ಸರ್ಕಾರಿ ನೌಕರರು, ಬೀದರ್)

ಉತ್ತರ: ಎರಡೂ ಸರಿ ಸರ್. ಅಮೆರಿಕದವರು ಮೇಕ್ ಮಾತ್ರ ಅನ್ನುತ್ತಾರೆ, ಬ್ರಿಟಿಷ್ ಇಂಗ್ಲಿಷಿನಲ್ಲಿ ಟೇಕ್ ಕೂಡ ಉಂಟು, ಅದರಲ್ಲೂ ಸರ್ಕಾರ, ಮಂಡಳಿ, ಸಮಿತಿಗಳ ವಿಷಯದಲ್ಲಿ. ನಮ್ಮ ಕಚೇರಿಗಳಿಗೆ ಬಂದದ್ದು ಆ ಇಂಗ್ಲಿಷ್. ಹುಡುಗಿ ಕೇಳಿದ ಇಂಗ್ಲಿಷ್ ಬೇರೆ ಇರಬೇಕು, ಮೊಬೈಲಿನದು. ಜಗಳ ಬೇಡ. ಬಹಳ ಜನ ಕೂತು, ವಾದ ಮಾಡಿ, ಕೊನೆಗೆ ಒಂದು ಮಾತಿಗೆ ಬಂದರೆ 'ರೀಚ್ ಎ ಡಿಸಿಷನ್' ಅಂತ ಬರೆಯಿರಿ, ಅದಕ್ಕೆ ಇಬ್ಬರೂ ಒಪ್ಪುತ್ತೀರಿ.

ಪ್ರಶ್ನೆ: ನಾನು ಗ್ರಾಮ ಪಂಚಾಯಿತಿಯಲ್ಲಿ ಕೆಲಸ ಮಾಡುತ್ತೇನೆ. ನಡಾವಳಿ ಕನ್ನಡದಲ್ಲೇ ಬರೆಯುತ್ತೇವೆ, ಆದರೆ ಒಮ್ಮೊಮ್ಮೆ ಹೊರಗಿನ ಸಂಸ್ಥೆಗೆ ಠರಾವಿನ ಇಂಗ್ಲಿಷ್ ಪ್ರತಿ ಕೇಳುತ್ತಾರೆ. 'ಸಭೆಯಲ್ಲಿ ಸರ್ವಾನುಮತದಿಂದ ತೀರ್ಮಾನಿಸಲಾಯಿತು' ಅನ್ನುವುದಕ್ಕೆ 'ಡಿಸೈಡೆಡ್' ಹಾಕಬೇಕಾ, 'ರಿಸಾಲ್ವ್ಡ್' ಹಾಕಬೇಕಾ? ರಿಸಾಲ್ವ್ ಅಂದರೆ ಸಮಸ್ಯೆ ಬಗೆಹರಿಸುವುದು ಅಂತ ನಾನು ತಿಳಿದಿದ್ದೆ.
(ಶಹಾಪುರ ತಾಲೂಕು, ಯಾದಗಿರಿ ಜಿಲ್ಲೆ)

ಉತ್ತರ: ರಿಸಾಲ್ವ್ಡ್ ಹಾಕಿರಿ. 'ಇಟ್ ವಾಸ್ ಯುನಾನಿಮಸ್ಲಿ ರಿಸಾಲ್ವ್ಡ್ ದಟ್...' ಅಂತ ಶುರು ಮಾಡಿರಿ, ಅದು ಠರಾವಿನ ಭಾಷೆ. ಡಿಸೈಡೆಡ್ ಅಂತ ಬರೆದರೆ ತಪ್ಪೇನಲ್ಲ, ಆದರೆ ಮಾತುಕತೆಯಲ್ಲಿ ಆದ ತೀರ್ಮಾನದ ಹಾಗೆ ಕಾಣುತ್ತದೆ. ವಿಷಯ ಮಂಡಿಸಿ, ಚರ್ಚೆ ಮಾಡಿ, ಕೈ ಎತ್ತಿಸಿ, ಪುಸ್ತಕದಲ್ಲಿ ಬರೆದು ಸಹಿ ಹಾಕಿದ್ದು ರೆಸಲ್ಯೂಷನ್.

ನೀವು ತಿಳಿದದ್ದೂ ಸರಿಯೇ. ಈ ಶಬ್ದಕ್ಕೆ ಎರಡು ಮುಖ ಇವೆ. ಇದು ಲ್ಯಾಟಿನ್ನಿನ 'ಬಿಚ್ಚು, ಸಡಿಲಿಸು' ಅನ್ನುವ ಧಾತುವಿನಿಂದ ಬಂದದ್ದು. ಕಗ್ಗಂಟು ಬಿಚ್ಚಿದರೆ ಸಮಸ್ಯೆ ಹೋಯಿತು, ಹಾಗಾಗಿ 'ರಿಸಾಲ್ವ್ ಎ ಡಿಸ್ಪ್ಯೂಟ್'. ಮನಸ್ಸಿನ ಹೊಯ್ದಾಟ ಬಿಚ್ಚಿಕೊಂಡರೆ ಗಟ್ಟಿ ಸಂಕಲ್ಪ ಆಯಿತು, ಹಾಗಾಗಿ 'ರಿಸಾಲ್ವ್ ಟು ಡೂ'. ಹೊಸ ವರ್ಷದ ರೆಸಲ್ಯೂಷನ್ ಈ ಎರಡನೆಯದ್ದು, ಅದರ ಗಟ್ಟಿತನ ಎಷ್ಟು ದಿನದ್ದು ಅಂತ ನಿಮಗೂ ಗೊತ್ತು. ಸಂವಿಧಾನದ ಪೀಠಿಕೆಯ ಇಂಗ್ಲಿಷ್ ಪಾಠದಲ್ಲೂ ಇದೇ ಇದೆ: ಭಾರತದ ಜನರಾದ ನಾವು 'ಹ್ಯಾವಿಂಗ್ ಸಾಲೆಮ್ನ್ಲಿ ರಿಸಾಲ್ವ್ಡ್' ಅಂತ. ಅದರ ಕೆಳಗೆ 1949ರ ನವೆಂಬರ್ 26 ಅಂತ ತಾರೀಖು ಇದೆ. ಅಲ್ಲಿ 'ಡಿಸೈಡೆಡ್' ಅಂತ ಹಾಕಿ ಒಮ್ಮೆ ಓದಿ ನೋಡಿ, ಬಸ್ಸಿನಲ್ಲಿ ಹೋಗೋಣವೋ ರೈಲಿನಲ್ಲೋ ಅಂತ ಕೇಳಿದ ಹಾಗೆ ಆಗುತ್ತದೆ.

ಒಂದು ಎಚ್ಚರಿಕೆ. ಸಭೆಯಲ್ಲಿ ಠರಾವು ಪಾಸಾದರೆ 'ದ ರೆಸಲ್ಯೂಷನ್ ವಾಸ್ ಪಾಸ್ಡ್' ಅಥವಾ 'ಅಡಾಪ್ಟೆಡ್'. 'ರೆಸಲ್ಯೂಷನ್ ವಾಸ್ ರಿಸಾಲ್ವ್ಡ್' ಅಂತ ಬರೆಯಬೇಡಿ. ಇನ್ನು ವಿಷಯ ಮುಂದಿನ ಸಭೆಗೆ ಹೋದರೆ 'ಡಿಫರ್ಡ್'. ಅದು ತೀರ್ಮಾನ ಆಗದೇ ಇರುವುದರ ಹೆಸರು, ಪಂಚಾಯಿತಿಯಲ್ಲಿ ಇದೇ ಜಾಸ್ತಿ ಬೇಕಾಗುತ್ತದೆ ಅನ್ನಿಸುತ್ತದೆ ನನಗೆ.

ಪ್ರಶ್ನೆ: ನಮ್ಮ ಹೊಲದ ಕೇಸು ಬಹಳ ವರ್ಷದಿಂದ ನಡೆದಿತ್ತು. ಮೊನ್ನೆ ಮೊಬೈಲಿನಲ್ಲಿ ಇ-ಕೋರ್ಟ್ಸ್ ತೆರೆದು ನೋಡಿದರೆ 'ಡಿಸ್ಪೋಸ್ಡ್' ಅಂತ ತೋರಿಸುತ್ತಿದೆ. ನಮ್ಮ ಅಪ್ಪ ಗೆದ್ದೆವು ಅಂತ ಪೇಢಾ ತಂದರು. ನಮ್ಮ ಕಾಕಾ, ಡಿಸ್ಪೋಸಬಲ್ ಲೋಟ ಬಿಸಾಕೋದಿಲ್ಲೇನು, ಹಂಗ ಕೇಸು ಬಿಸಾಕ್ಯಾರ ಅಂತಾರೆ. ಯಾರ ಮಾತು ಖರೆ? ಹಂಗೇ ಜಡ್ಜ್‌ಮೆಂಟ್, ಆರ್ಡರ್, ಡಿಕ್ರಿ, ವರ್ಡಿಕ್ಟ್, ಅವಾರ್ಡ್ ಇವೆಲ್ಲ ಒಂದೇನಾ?
(ಸೇಡಂ)

ಉತ್ತರ: ಪೇಢಾ ಸ್ವಲ್ಪ ಬೇಗ ಬಂತು. ಕಾಕಾನ ಲೋಟದ ಮಾತೂ ಸರಿಯಿಲ್ಲ. 'ಡಿಸ್ಪೋಸ್ಡ್' ಅಂದರೆ ಆ ನ್ಯಾಯಾಲಯದ ಮುಂದೆ ಆ ಕೇಸು ಈಗ ಬಾಕಿ ಇಲ್ಲ, ಅಷ್ಟೇ. ನಮ್ಮ ಹಿರಿಯರು 'ಫೈಸಲ್ ಆಯ್ತು' ಅನ್ನುತ್ತಿದ್ದರಲ್ಲ, ಅದು. ಗೆದ್ದವರು ಯಾರು ಅಂತ ಆ ಒಂದು ಶಬ್ದ ಹೇಳುವುದಿಲ್ಲ. ಅದೇ ಪುಟದಲ್ಲಿ ಸ್ವಲ್ಪ ಕೆಳಗೆ ಕೇಸು ಯಾವ ರೀತಿ ಮುಗಿಯಿತು ಅಂತ ಇನ್ನೊಂದು ಸಾಲು ಇರುತ್ತದೆ, ಅದನ್ನು ನೋಡಿ. 'ಅಲೌಡ್' ಅಥವಾ 'ಡಿಕ್ರೀಡ್' ಅಂತಿದ್ದರೆ ಕೇಸು ಹಾಕಿದವರು ಕೇಳಿದ್ದು ಪೂರ್ತಿಯೋ ಅರ್ಧವೋ ಸಿಕ್ಕಿದೆ. 'ಡಿಸ್ಮಿಸ್ಡ್' ಅಂತಿದ್ದರೆ ಸಿಕ್ಕಿಲ್ಲ. 'ಕಾಂಪ್ರಮೈಸ್ಡ್' ಇದ್ದರೆ ರಾಜಿ, 'ವಿತ್‌ಡ್ರಾನ್' ಇದ್ದರೆ ಹಾಕಿದವರೇ ವಾಪಸ್ ತೆಗೆದುಕೊಂಡಿದ್ದಾರೆ. ಈ ಐದಾರು ಶಬ್ದ ತಿಳಿದುಕೊಂಡರೆ ಮನೆಯ ಅರ್ಧ ಜಗಳ ಮುಗಿಯುತ್ತದೆ.

ಇನ್ನು ಜಡ್ಜ್‌ಮೆಂಟ್ ಮತ್ತು ಡಿಕ್ರಿ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 2ನೇ ಕಲಮಿನಲ್ಲಿ ಇವೆರಡಕ್ಕೂ ಬೇರೆ ಬೇರೆ ಅರ್ಥ ಕೊಟ್ಟಿದ್ದಾರೆ. ನ್ಯಾಯಾಧೀಶರು ಯಾಕೆ ಹೀಗೆ ತೀರ್ಮಾನಿಸಿದೆ ಅಂತ ಕಾರಣ ಬರೆದದ್ದು ಜಡ್ಜ್‌ಮೆಂಟ್, ಪುಟಗಟ್ಟಲೆ ಇರುತ್ತದೆ. ಯಾರಿಗೆ ಏನು ಹಕ್ಕು ಅಂತ ಅದರಿಂದ ಹೊರಟದ್ದು ಡಿಕ್ರಿ, ಚಿಕ್ಕದು. ಡಿಕ್ರಿ ಅಲ್ಲದ ಬೇರೆ ತೀರ್ಮಾನಗಳು ಆರ್ಡರ್. ಕೇಸು ನಡೆಯುತ್ತಿರುವಾಗಲೇ 'ತಡೆಯಾಜ್ಞೆ' ಬಂತು ಅಂತ ಕೇಳಿರುತ್ತೀರಿ, ಅದು ಆರ್ಡರ್. ಅಪೀಲು ಹೋಗಬೇಕಾದರೆ ಜಡ್ಜ್‌ಮೆಂಟ್, ಡಿಕ್ರಿ ಎರಡರದ್ದೂ ದೃಢೀಕೃತ ನಕಲು ತೆಗೆಸಿಡಿ. ಸಿವಿಲ್ ಡಿಕ್ರಿ ಮೇಲೆ ಜಿಲ್ಲಾ ನ್ಯಾಯಾಲಯಕ್ಕೆ ಅಪೀಲಾದರೆ 30 ದಿನ, ಹೈಕೋರ್ಟಿಗಾದರೆ 90 ದಿನ. ಹೈಕೋರ್ಟ್ ಅಂದರೆ ನಮಗೀಗ ಬೆಂಗಳೂರಿನ ರಾತ್ರಿ ಬಸ್ಸು ಬೇಕಿಲ್ಲ. ಕಲಬುರಗಿಗೆ 2008ರಲ್ಲಿ ಸಂಚಾರಿ ಪೀಠ ಬಂತು, 2013ರಲ್ಲಿ ಅದು ಕಾಯಂ ಆಯಿತು. ಡಿಸ್ಪೋಸ್ಡ್ ಅಂತ ನೋಡಿ ಖುಷಿಯಲ್ಲೋ ದುಃಖದಲ್ಲೋ ಸುಮ್ನೆ ಕೂತು ದಿನ ಕಳೆಯಬೇಡಿ. ಇವತ್ತೇ ವಕೀಲರಿಗೆ ಫೋನ್ ಮಾಡಿ, ಆಗಲೇ ಎಷ್ಟು ದಿನ ಹೋಗಿದೆ ಅಂತ ಕೇಳಿ.

ವರ್ಡಿಕ್ಟ್ ನಿಜವಾಗಿ ಜ್ಯೂರಿಯ ಶಬ್ದ. ಇಂಗ್ಲೆಂಡಿನಲ್ಲಿ, ಅಮೆರಿಕದಲ್ಲಿ ಊರಿನ ಸಾಮಾನ್ಯ ಜನರನ್ನು ಕೂರಿಸಿ ತಪ್ಪಿತಸ್ಥ ಹೌದೋ ಅಲ್ಲವೋ ಅಂತ ಕೇಳುತ್ತಾರಲ್ಲ, ಅವರು ಹೇಳುವುದು ವರ್ಡಿಕ್ಟ್. ನಮ್ಮಲ್ಲಿ 1973ರ ದಂಡ ಪ್ರಕ್ರಿಯಾ ಸಂಹಿತೆ ಜ್ಯೂರಿಗೆ ಜಾಗ ಕೊಡಲಿಲ್ಲ, 2024ರ ಜುಲೈನಿಂದ ಅದರ ಬದಲಿಗೆ ಜಾರಿಗೆ ಬಂದ ಹೊಸ ಸಂಹಿತೆಯೂ ಕೊಟ್ಟಿಲ್ಲ. ಆದರೂ ಪತ್ರಿಕೆ, ಟಿವಿಗಳಿಗೆ ಈ ಶಬ್ದದ ಮೇಲೆ ಪ್ರೀತಿ. ಕೋರ್ಟ್ ಏನು ಹೇಳಿದರೂ ವರ್ಡಿಕ್ಟ್, ಮತ ಎಣಿಕೆಯಾದರೂ ವರ್ಡಿಕ್ಟ್. ಅರ್ಜಿಯಲ್ಲಿ ನೀವು ಜಡ್ಜ್‌ಮೆಂಟ್ ಅಂತಲೇ ಬರೆಯಿರಿ. ಕೋರ್ಟಿನ ಕಾಗದದಲ್ಲಿ ಸ್ಪೆಲಿಂಗ್ ಬರೆಯುವಾಗ 'ಜಿ' ಆದ ಮೇಲೆ 'ಇ' ಬೇಡ.

ಅವಾರ್ಡ್ ಅಂದರೆ ಇಲ್ಲಿ ಶಾಲು, ಹಾರ, ಫಲಕ ಯಾವುದೂ ಇಲ್ಲ. ಮಧ್ಯಸ್ಥಗಾರರು, ನ್ಯಾಯಮಂಡಳಿಗಳು ಕೊಡುವ ತೀರ್ಪಿಗೆ ಆ ಹೆಸರು. ಕೃಷ್ಣಾ ನೀರಿನ ಬಗ್ಗೆ ಬಚಾವತ್ ಐತೀರ್ಪು ಅಂತ ನಮ್ಮ ಭಾಗದವರು ಹುಟ್ಟಿದಾಗಿನಿಂದ ಕೇಳುತ್ತೇವಲ್ಲ, 1976ರಲ್ಲಿ ಕರ್ನಾಟಕಕ್ಕೆ 700 ಟಿಎಂಸಿ ಅಂತ ಕೊನೆಯಾದದ್ದು, ಅದು ಅವಾರ್ಡ್. ಲೋಕ ಅದಾಲತ್‌ನಲ್ಲಿ ರಾಜಿಯಾದರೆ ಕೈಗೆ ಬರುವುದೂ ಅವಾರ್ಡೇ. ಅದನ್ನು ಸಿವಿಲ್ ಕೋರ್ಟಿನ ಡಿಕ್ರಿ ಅಂತಲೇ ಪರಿಗಣಿಸುತ್ತಾರೆ, ಅದರ ಮೇಲೆ ಅಪೀಲು ಇಲ್ಲ. ಸಹಿ ಮಾಡುವ ಮುಂಚೆ ಎರಡು ಸಲ ಓದಿ.

ಲೀಸಿನ ಕಾಗದ ಇದ್ದವರಿಗೆ ಒಂದು ಮಾತು. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 111ನೇ ಕಲಮಿನಲ್ಲಿ 'ಡಿಟರ್ಮಿನೇಷನ್ ಆಫ್ ಲೀಸ್' ಅಂತ ಬರುತ್ತದೆ. ಲೀಸು ನಿರ್ಧಾರ ಮಾಡುವುದು ಅಂತ ಓದಿಕೊಂಡರೆ ಕೆಟ್ಟಿರಿ. ಅಲ್ಲಿ ಡಿಟರ್ಮಿನ್ ಅಂದರೆ ಮುಗಿಯುವುದು. ಆ ಶಬ್ದದ ಹೊಟ್ಟೆಯಲ್ಲಿ 'ಗಡಿ' ಅನ್ನುವ ಅರ್ಥ ಇದೆ, ಗಡಿ ಬಂತು ಅಂದರೆ ಅಲ್ಲಿಗೆ ಖತಂ.

ಪ್ರಶ್ನೆ: ಬಯೋಡೇಟಾದಲ್ಲಿ 'ಐ ಟರ್ಮಿನೇಟೆಡ್ ಮೈ ಬಿ.ಕಾಂ ಇನ್ 2022' ಅಂತ ಬರೆದಿದ್ದೆ. ಸಂದರ್ಶನದಲ್ಲಿ ಮೂವರೂ ನಕ್ಕರು. ಡಿಕ್ಷನರಿಯಲ್ಲಿ ಟರ್ಮಿನೇಟ್ ಅಂದರೆ ಕೊನೆಗೊಳಿಸು ಅಂತಲೇ ಇದೆ ಅಲ್ವಾ?
(ಬಸವಕಲ್ಯಾಣ)

ಉತ್ತರ: ಇದೆ. ಆದರೆ ಮುಗಿಯುವುದರಲ್ಲೂ ತರಹೇವಾರಿ ಇದೆ. ಎಲ್ಲಾ ಭಾಗ ಆಗಿ ತುಂಬಿತು ಅಂದರೆ ಕಂಪ್ಲೀಟ್, ನೀವು ಹಾಕಬೇಕಾದ್ದು ಇದು. ಕೊನೆಯ ತುದಿ ಮುಟ್ಟಿ ಕೈ ತೊಳೆದುಕೊಂಡಿರಿ ಅಂದರೆ ಫಿನಿಶ್. ಊಟ, ಹೋಂವರ್ಕ್, ಓಟ ಇವಕ್ಕೆಲ್ಲ ಫಿನಿಶ್ ನಡೆಯುತ್ತದೆ. ಎಂಡ್ ಅಂದರೆ ನಿಂತಿತು, ಪೂರ್ತಿ ಆಗಿಯೋ ಅರ್ಧಕ್ಕೋ ಅಂತ ಅದು ಹೇಳುವುದಿಲ್ಲ. ಟರ್ಮಿನೇಟ್ ಅಂದರೆ ಒಂದು ಕಡೆಯವರು ಕಡಿದು ಹಾಕಿದರು. ನೌಕರಿಯಿಂದ ತೆಗೆದರೆ ಟರ್ಮಿನೇಟೆಡ್. ಗರ್ಭಪಾತದ 1971ರ ಕಾಯ್ದೆಯ ಹೆಸರಲ್ಲೂ ಟರ್ಮಿನೇಷನ್ ಅಂತಲೇ ಇದೆ. ಈಗ ನಿಮ್ಮ ಬಿ.ಕಾಂ ಗತಿ ಏನಾಯಿತು ಅಂತ ಅವರು ಅಂದುಕೊಂಡಿರಬಹುದು ಯೋಚನೆ ಮಾಡಿ.

ರೈಲಿಗೆ ಮಾತ್ರ ಟರ್ಮಿನೇಟ್ ಚೆನ್ನಾಗಿ ಒಪ್ಪುತ್ತದೆ. ಬೀದರ್‌–ಕಲಬುರಗಿ ಹೊಸ ಮಾರ್ಗದ ಕೆಲಸ ಎಳೆದೂ ಎಳೆದೂ 2017ರ ಅಕ್ಟೋಬರ್‌ನಲ್ಲಿ ಉದ್ಘಾಟನೆಗೆ ಬಂತು. ಮಾರ್ಗ 'ಕಂಪ್ಲೀಟ್' ಆಯಿತು, ಬೀದರಿನಲ್ಲಿ ಹತ್ತಿದ ರೈಲು ಕಲಬುರಗಿಯಿಂದ ಮುಂದೆ ಹೋಗದಿದ್ದರೆ ಅಲ್ಲಿ 'ಟರ್ಮಿನೇಟ್' ಆಗುತ್ತದೆ. ನೀವು ಸೀಟಿನಲ್ಲಿ ಕೂತು ಪುಸ್ತಕ ಓದುತ್ತಿದ್ದರೆ ಅಷ್ಟರೊಳಗೆ ಅದನ್ನು 'ಫಿನಿಶ್' ಮಾಡಬಹುದು.

ಬಯೋಡೇಟಾ ತಿದ್ದಿ ಇನ್ನೊಂದು ಕಡೆ ಹಾಕಿರಿ. ನಕ್ಕ ಮೂವರನ್ನು ಮರೆತುಬಿಡಿ.

ಪ್ರಶ್ನೆ: ನಮ್ಮ ತಂಗಿಯ ಮದುವೆ ನಿಶ್ಚಯ ಆಯಿತು. ಬೆಂಗಳೂರಿನ ಗೆಳತಿಯರಿಗೆ 'ಮೈ ಸಿಸ್ಟರ್ ಸೆಟ್ಲ್ಡ್ ಫಾರ್ ಆನ್ ಎಂಜಿನಿಯರ್' ಅಂತ ಮೆಸೇಜು ಹಾಕಿದೆ. ಒಬ್ಬಳು 'ಪಾಪ' ಅಂತ ಉತ್ತರ ಕೊಟ್ಟಳು. ಯಾಕೆ?
(ಆಳಂದ)

ಉತ್ತರ: 'ಫಾರ್' ಮಾಡಿದ ಕಿತಾಪತಿ ಅದು ತಂಗಿ. 'ಸೆಟ್ಲ್ಡ್ ಆನ್' ಅಂದರೆ ನಾಲ್ಕಾರು ನೋಡಿ ಇದೇ ಇರಲಿ ಅಂತ ಆರಿಸಿಕೊಂಡರು. 'ಸೆಟ್ಲ್ಡ್ ಫಾರ್' ಅಂದರೆ ಬೇಕಾದ್ದು ಸಿಗಲಿಲ್ಲ, ಹೋಗಲಿ ಬಿಡು, ಇದಕ್ಕೇ ತೃಪ್ತಿಪಟ್ಟುಕೊಳ್ಳೋಣ ಅಂತ. ಡಾಕ್ಟರ್ ವರ ಸಿಗದೆ ಎಂಜಿನಿಯರಿಗೆ ಒಪ್ಪಿಕೊಂಡಳು ಅಂತ ಗೆಳತಿಗೆ ಕೇಳಿಸಿತು. ಬೀಗರ ಕಡೆಯವರು ಇಂಗ್ಲಿಷ್ ಬಲ್ಲವರಾದರೆ ಆ ಮೆಸೇಜನ್ನು ಡಿಲೀಟ್ ಮಾಡಿ.

'ಮದುವೆ ಫಿಕ್ಸ್ ಆಯ್ತು' ಅಂತ ನಾವೆಲ್ಲಾ ಅನ್ನುತ್ತೇವೆ. ಭಾರತದ ಇಂಗ್ಲಿಷಿನಲ್ಲಿ ಅದು ನಡೆಯುತ್ತದೆ, ನನಗೇನೂ ತಕರಾರಿಲ್ಲ. ಹೊರದೇಶದವರಿಗೆ ಹೇಳುವಾಗ ಮಾತ್ರ 'ಶೀ ಈಸ್ ಎಂಗೇಜ್ಡ್' ಅನ್ನಿ. ಅವರ ಕಿವಿಗೆ ಫಿಕ್ಸ್ ಅಂದರೆ ರಿಪೇರಿ ಮಾಡಿದರು ಅಂತಲೋ, ಕ್ರಿಕೆಟ್ ಮ್ಯಾಚಿನ ಥರ ಒಳಗೊಳಗೇ ಏನೋ ಆಯಿತು ಅಂತಲೋ ಕೇಳಿಸುತ್ತದೆ.

ಪ್ರಶ್ನೆ: ಫೈನಲೈಸ್ ಶಬ್ದವೇ ಅಲ್ಲ ಅಂತ ನಮ್ಮ ಪ್ರಿನ್ಸಿಪಾಲರು ಅಂತಾರೆ. ಹೌದಾ?
(ಉಪನ್ಯಾಸಕರು, ಯಾದಗಿರಿ)

ಉತ್ತರ: ಶಬ್ದವೇ. ಆದರೆ ಪ್ರಿನ್ಸಿಪಾಲರ ಸಿಟ್ಟಿಗೆ ಇತಿಹಾಸ ಇದೆ. 1961ರಲ್ಲಿ ಅಮೆರಿಕದಲ್ಲಿ ವೆಬ್‌ಸ್ಟರ್ಸ್ ಮೂರನೇ ದೊಡ್ಡ ನಿಘಂಟು ಬಂದಾಗ ಕಂಡ ಕಂಡ ಶಬ್ದಗಳನ್ನೆಲ್ಲ ಒಳಗೆ ಬಿಟ್ಟಿದ್ದಾರೆ ಅಂತ ದೊಡ್ಡ ಗಲಾಟೆ ಆಯಿತು. ಬೈಸಿಕೊಂಡ ಶಬ್ದಗಳಲ್ಲಿ ಫೈನಲೈಸ್ ಕೂಡ ಒಂದು. ನ್ಯೂಯಾರ್ಕ್ ಟೈಮ್ಸ್ ಸಂಪಾದಕೀಯವೇ ಅದನ್ನು ಆಡಿಕೊಂಡಿತು. ಈಗ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಟೆಂಡರ್, ಪಟ್ಟಿ, ವೇಳಾಪಟ್ಟಿ ಇಂಥವು ಕರಡಿನ ಹಂತ ದಾಟಿ ಇನ್ನು ತಿದ್ದುವುದಿಲ್ಲ ಅನ್ನುವಲ್ಲಿಗೆ ಬಂದಾಗ ಹಾಕಿರಿ. 'ಎಸ್' ಹಾಕಿದರೂ ನಡೆಯುತ್ತದೆ, 'ಝಡ್' ಹಾಕಿದರೂ ನಡೆಯುತ್ತದೆ, ಒಂದೇ ಪತ್ರದಲ್ಲಿ ಎರಡೂ ಬೇಡ. ಪ್ರಿನ್ಸಿಪಾಲರು ಸಹಿ ಮಾಡುವ ಕಾಗದದಲ್ಲಿ 'ಕಂಪ್ಲೀಟ್' ಅಂತ ಬರೆದು ಪಾರಾಗಿ.

ಪ್ರಶ್ನೆ: ನನ್ನ ಮೊಮ್ಮಗ ಅಮೆರಿಕದಲ್ಲಿದ್ದಾನೆ. ಫೋನಿನಲ್ಲಿ ಮಾತಾಡುತ್ತಾ 'ಅಜ್ಜಿ, ವ್ರ್ಯಾಪ್ ಅಪ್ ಮಾಡಿ ಫೋನ್ ಮಾಡ್ತೀನಿ' ಅಂತಾನೆ, ಇನ್ನೊಮ್ಮೆ 'ಕಾಲ್ ಇಟ್ ಎ ಡೇ' ಅಂತಾನೆ. ಅವನ ಗೆಳೆಯನ ಕಂಪನಿ 'ವೈಂಡ್ ಅಪ್' ಆಯ್ತಂತೆ. ಎಲ್ಲಾ ಮುಗಿಸೋದೇ ಏನವ್ವಾ?
(ಹುಮನಾಬಾದ್)

ಉತ್ತರ: ಹೌದಜ್ಜಿ, ಎಲ್ಲಾ ಮುಗಿಸೋದೇ. ವ್ರ್ಯಾಪ್ ಅಪ್ ಅಂದರೆ ಹರಡಿಕೊಂಡ ಕೆಲಸವನ್ನು ಗಂಟು ಕಟ್ಟಿ ಎದ್ದು ಬರುವುದು. ಕಾಲ್ ಇಟ್ ಎ ಡೇ ಅಂದರೆ ಕೆಲಸ ಮುಗಿಯದಿದ್ದರೂ ಪರವಾಗಿಲ್ಲ, ಇವತ್ತಿಗೆ ಸಾಕು, ಉಳಿದದ್ದು ನಾಳೆ. ಈ ಎರಡು ಕೇಳಿದರೆ ಗಾಬರಿ ಬೇಡ, ಹುಡುಗ ಊಟಕ್ಕೆ ಹೋಗುತ್ತಿದ್ದಾನೆ. ವೈಂಡ್ ಅಪ್ ಮಾತ್ರ ಭಾರಿ. ಸಭೆಗೆ ಹೇಳಿದರೆ ಮುಗಿಸೋಣ ಅಂತ, ಕಂಪನಿಗೆ ಹೇಳಿದರೆ ಸಾಲ ತೀರಿಸಿ, ಇದ್ದದ್ದು ಹಂಚಿ, ಬಾಗಿಲು ಹಾಕಿದರು ಅಂತ. ಆ ಗೆಳೆಯನನ್ನು ಒಮ್ಮೆ ವಿಚಾರಿಸಿಕೊಳ್ಳಲು ಹೇಳಿ.

ಪ್ರಶ್ನೆ: ನಮ್ಮ ಕಡೆ ಚುಕ್ತಾ, ಬರಖಾಸ್ತು, ನಿಕಾಲಿ ಅಂತ ಎಷ್ಟು ಚೆಂದ ಶಬ್ದ ಇವೆ. ಇವಕ್ಕೆ ಇಂಗ್ಲಿಷಿನಲ್ಲಿ ಏನನ್ನಬೇಕು? ನಾನು ಜಾತ್ರೆ ಕುಸ್ತಿಗಳ ಬಗ್ಗೆ ಒಂದು ಇಂಗ್ಲಿಷ್ ಲೇಖನ ಬರೆಯುತ್ತಿದ್ದೇನೆ, 'ನಿಕಾಲಿ ಕುಸ್ತಿ'ಗೆ ಬಂದು ನಿಂತಿದ್ದೇನೆ.
(ಚಿಂಚೋಳಿ)

ಉತ್ತರ: ಇದು ನನಗೆ ಖುಷಿ ಕೊಟ್ಟ ಪ್ರಶ್ನೆ. ನಿಜಾಮರ ಕಾಲದಲ್ಲಿ ನಮ್ಮ ಕಚೇರಿಗಳ ಭಾಷೆ ಉರ್ದು, ಸಂತೆ, ಮದುವೆ ಸಂಬಂಧ ಮಹಾರಾಷ್ಟ್ರದ ಕಡೆಗೂ ಉಂಟು. ಹಾಗಾಗಿ ಈ ಶಬ್ದಗಳು ಮನೆಯವೇ ಆಗಿಬಿಟ್ಟಿವೆ. ಹಿಸೇಬು ಚುಕ್ತಾ ಆಯಿತು ಅಂದರೆ 'ಸೆಟ್ಲ್ಡ್ ಇನ್ ಫುಲ್'. ಬರೀ 'ಸೆಟ್ಲ್ಡ್' ಅಂದರೆ ಸಾಲದು, ಚುಕ್ತಾದಲ್ಲಿ ಒಂದು ಪೈಸೆ ಬಾಕಿ ಇಲ್ಲ ಅನ್ನುವ ನಿರಾಳ ಇದೆ. ಸಭೆ ಬರಖಾಸ್ತು ಆದರೆ 'ದ ಮೀಟಿಂಗ್ ಡಿಸ್ಪರ್ಸ್ಡ್' ಅನ್ನಿ. 'ಅಡ್ಜರ್ನ್ಡ್' ಬೇಡ, ಅದು ಮುಂದೂಡಿದ್ದು, ಮತ್ತೆ ಸೇರುತ್ತದೆ.

ನಿಕಾಲಿ ಕುಸ್ತಿ ಅಂದರೆ ಒಬ್ಬರು ಬೀಳುವ ತನಕ ನಡೆಯುವ ಕುಸ್ತಿ. ಅಖಾಡದ ಮಣ್ಣು ಮೈಗೆ ಮೆತ್ತಿಕೊಂಡು, ಬೆವರಿಗೆ ಹಿಡಿತ ಜಾರಿ, ಮತ್ತೆ ಹಿಡಿದು, ಸುತ್ತಲಿನ ಜನ ಕೂತವರು ಎದ್ದು ನಿಂತರೂ ಪಂಚರು ಬಿಡಿಸುವುದಿಲ್ಲ, ಬೆನ್ನು ನೆಲಕ್ಕೆ ಹತ್ತಬೇಕು. ಇದಕ್ಕೆ ಇಂಗ್ಲಿಷಿನಲ್ಲಿ ಸರಿಯಾಗಿ ಕೂರುವ ಮಾತು 'ಎ ಫೈಟ್ ಟು ದ ಫಿನಿಶ್'. 'ಡಿಸೈಸಿವ್ ಬೌಟ್' ಅಂತ ಬರೆದರೆ ಸಪ್ಪೆ, ಅದು ಸರಣಿಯ ಕೊನೆಯ ಪಂದ್ಯ ಅಂತಲೂ ಆಗಬಹುದು. ನನ್ನ ಮಟ್ಟಿಗಂತೂ ಮೊದಲ ಸಲ 'ನಿಕಾಲಿ' ಅಂತಲೇ ಇಟ್ಟು ಪಕ್ಕದಲ್ಲಿ ಒಂದು ಸಾಲು ವಿವರಣೆ ಕೊಡಿ, ಆಮೇಲೆ ಲೇಖನದ ಕೊನೆತನಕ ನಿಕಾಲಿ ಅಂತಲೇ ಹೋಗಿ. ಸಮ ಆದ ಕುಸ್ತಿಗೆ 'ಡ್ರಾ' ಸಾಕು. ಲೇಖನ ಅಚ್ಚಾದರೆ ನಮಗೂ ಒಂದು ಪ್ರತಿ ಕಳಿಸಿರಿ.